ಶಿವನ ಹೆಸರಲ್ಲಿ ಚಿಲುಮೆ, ಅಯ್ಯಪ್ಪನ ಹೆಸರಲ್ಲಿ ಮಾಲೆ

ಮತ್ತು ಬರಿಸುವ ಪದಾರ್ಥಗಳ ಬಗ್ಗೆ ಧರ್ಮಗಳು ಏನು ಹೇಳುತ್ತವೆ ಎಂದು ಕೇಳಿ ಬಂದ ಪತ್ರಗಳಲ್ಲಿ ಕೆಲವನ್ನು ಈ ಸಲ ಆರಿಸಿಕೊಂಡಿದ್ದೇನೆ. ಹೆಸರು ಬೇಡ ಎಂದವರೇ ಹೆಚ್ಚಾದ್ದರಿಂದ ಯಾರ ಹೆಸರನ್ನೂ ಹಾಕಿಲ್ಲ. ನಾನು ಓದಿದ್ದು, ಕಲಿಸಿದ್ದು ಧರ್ಮಗಳ ಚರಿತ್ರೆ. ಕಾಯಿಲೆಯ ಮಾತು ಬಂದಲ್ಲೆಲ್ಲ ವೈದ್ಯರ ಹತ್ತಿರ ಕಳಿಸಿದ್ದೇನೆ.

ಪ್ರಶ್ನೆ: ಮಗ ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಎರಡನೇ ವರ್ಷ. ದೀಪಾವಳಿಗೆ ಬಂದಾಗ ಬಟ್ಟೆ ಒಗೆಯಲೆಂದು ಬ್ಯಾಗು ತೆಗೆದರೆ ಒಳಗೊಂದು ಮಣ್ಣಿನ ಚಿಲುಮೆ, ಕಾಗದದಲ್ಲಿ ಸುತ್ತಿದ ಸೊಪ್ಪು. ಕೇಳಿದ್ದಕ್ಕೆ ಸಿಟ್ಟಾಗಲಿಲ್ಲ, ನಕ್ಕ. ‘ಶಿವನೇ ಸೇದ್ತಾನಮ್ಮ, ಅವನಿಗೆ ಇಲ್ಲದ ತಪ್ಪು ನನಗೆಲ್ಲಿಂದ ಬಂತು?’ ಅಂದ. ವಿಭೂತಿ ಹಚ್ಚಿಕೋ ಎಂದರೆ ಓಡುತ್ತಿದ್ದವನ ಕೊರಳಲ್ಲಿ ಈಗ ರುದ್ರಾಕ್ಷಿ ಬೇರೆ. ನಮ್ಮದು ಲಿಂಗಾಯತ ಮನೆ. ಏನೆಂದು ಉತ್ತರ ಕೊಡಲಿ?
— ಒಬ್ಬ ತಾಯಿ, ಹುಬ್ಬಳ್ಳಿ

ಉತ್ತರ: ಮಗ ಅರ್ಧ ಸರಿ ಹೇಳಿದ್ದಾನೆ. ಆ ಅರ್ಧವನ್ನು ಒಪ್ಪಿಕೊಂಡೇ ಮಾತು ಶುರು ಮಾಡಿ. ಇಲ್ಲದಿದ್ದರೆ ಅವನ ಮೊಬೈಲು ಎರಡೇ ನಿಮಿಷದಲ್ಲಿ ನಿಮ್ಮನ್ನು ಸೋಲಿಸುತ್ತದೆ. ಅಥರ್ವವೇದದ ಹನ್ನೊಂದನೇ ಕಾಂಡದಲ್ಲಿ ಸೋಮವನ್ನು ಮುಂದಿಟ್ಟು ಹೇಳುವ ಐದು ಗಿಡಗಳ ಸಾಲಿನಲ್ಲಿ ಭಂಗ ಇದೆ. ಪತಂಜಲಿಯ ಯೋಗಸೂತ್ರದ ನಾಲ್ಕನೇ ಪಾದ ಸಿದ್ಧಿಗಳು ಬರುವ ಐದು ದಾರಿಗಳನ್ನು ಹೇಳಿ, ಅದರಲ್ಲಿ ಔಷಧಿಯನ್ನೂ ಎಣಿಸುತ್ತದೆ. 1893–94ರಲ್ಲಿ ಬ್ರಿಟಿಷ್ ಸರ್ಕಾರದ ‘ಇಂಡಿಯನ್ ಹೆಂಪ್ ಡ್ರಗ್ಸ್ ಕಮಿಷನ್’ 1,193 ಸಾಕ್ಷಿಗಳನ್ನು ವಿಚಾರಿಸಿ ಏಳು ಸಂಪುಟಗಳ ವರದಿ ಕೊಟ್ಟಿತು. ಗಾಂಜಾ, ಭಂಗಿಯನ್ನು ಮಿತವಾಗಿ ಬಳಸುವವರಿಗೆ ಹೇಳಿಕೊಳ್ಳುವಂಥ ಹಾನಿಯಿಲ್ಲ, ಪೂರ್ತಿ ನಿಷೇಧಿಸಿದರೆ ಜನರ ಧಾರ್ಮಿಕ ಭಾವನೆ ಕೆರಳುತ್ತದೆ ಎಂಬುದು ಅದರ ತೀರ್ಮಾನ. ಶಿವಭಕ್ತರಿಗೂ ಭಂಗಿಗೂ ಇರುವ ನಂಟಿನ ಬಗ್ಗೆಯೇ ಆ ವರದಿಯಲ್ಲಿ ಪ್ರತ್ಯೇಕ ಟಿಪ್ಪಣಿಯಿದೆ.

ಇನ್ನರ್ಧ ಬಂದಿರುವುದು ಪೋಸ್ಟರ್ ಅಂಗಡಿಯಿಂದ. ಪುರಾಣದ ಶಿವ ಕುಡಿದದ್ದು ಹಾಲಾಹಲ, ಅದೂ ಲೋಕ ಸುಟ್ಟುಹೋಗಬಾರದೆಂದು. ಚಿಲುಮೆ, ಹುಕ್ಕಾಗಳು ನಮ್ಮ ದೇಶದಲ್ಲಿ ಮನೆಮಾತಾದದ್ದು ತಂಬಾಕು ಹಡಗು ಹತ್ತಿ ಬಂದ ಮೇಲೆ. ಬಾಯಲ್ಲಿ ಹೊಗೆ, ಅರೆಮುಚ್ಚಿದ ಕಣ್ಣು, ಹಿಂದೆ ನೀಲಿ ಬೆಳಕು ಇರುವ ಶಿವನನ್ನು ಬರೆದವನು ಕ್ಯಾಲೆಂಡರ್ ಕಲಾವಿದ. ಅವನು ವ್ಯಾಸರ ಶಿಷ್ಯನೇನಲ್ಲ.

ಹಾಗಾದರೆ ನಿಜವಾಗಿ ಸೇದುವವರು ಯಾರು? ಕುಂಭಮೇಳದಲ್ಲಿ ಧುನಿಯ ಸುತ್ತ ಕೂತ ನಾಗಾ ಸಂನ್ಯಾಸಿಗಳು. ದೀಕ್ಷೆಯ ಹೊತ್ತಿಗೆ ಅವರು ತಮ್ಮ ಪಿಂಡವನ್ನು ತಾವೇ ಇಟ್ಟುಕೊಳ್ಳುತ್ತಾರೆ. ಲೋಕದ ಲೆಕ್ಕದಲ್ಲಿ ಅವರು ಸತ್ತವರು. ಮನೆ, ಮಡದಿ, ಹೊಲ, ಪರೀಕ್ಷೆ, ಪಾಸು–ಫೇಲು ಯಾವುದೂ ಅವರಿಗಿಲ್ಲ. ನಿಮ್ಮ ಮಗ ಸೆಮಿಸ್ಟರ್ ಫೀಸನ್ನು ನಿಮ್ಮಿಂದ ಕಟ್ಟಿಸಿಕೊಳ್ಳುತ್ತಿದ್ದಾನೆ. ಹೊಗೆ ಅವರದು ಬೇಕು, ಪಿಂಡ ಬೇಡ ಎಂದರೆ ಹೇಗೆ? ಇಷ್ಟಕ್ಕೂ ಸಾಧುಗಳೆಲ್ಲ ಇದನ್ನು ಒಪ್ಪಿದವರಲ್ಲ. 2019ರ ಪ್ರಯಾಗ ಕುಂಭದಲ್ಲಿ ಬಾಬಾ ರಾಮದೇವ್ ಸಾಧುಗಳ ಬಿಡಾರಗಳಿಗೆ ಹೋಗಿ, ‘ರಾಮ, ಕೃಷ್ಣ ಸೇದಲಿಲ್ಲ, ನೀವೇಕೆ?’ ಎಂಬ ಧಾಟಿಯಲ್ಲಿ ಮಾತಾಡಿ ಚಿಲುಮೆಗಳನ್ನು ಇಸಿದುಕೊಂಡದ್ದು ಸುದ್ದಿಯಾಗಿತ್ತು.

ಗೃಹಸ್ಥರಿಗೆ ಶಾಸ್ತ್ರ ಹೇಳಿದ್ದೇ ಬೇರೆ. ಮನುಸ್ಮೃತಿಯಲ್ಲಿ ಸುರಾಪಾನ ಮಹಾಪಾತಕಗಳಲ್ಲೊಂದು. ವಾಮಾಚಾರದ ತಂತ್ರಗಳು ಮದ್ಯವನ್ನೂ ಭಂಗಿಯನ್ನೂ ಒಳಗೆ ಬಿಟ್ಟುಕೊಂಡವು, ನಿಜ. ಆದರೆ ಗುರು, ದೀಕ್ಷೆ, ಮಂತ್ರ, ಅಳತೆ, ತಿಥಿ ಇಷ್ಟನ್ನೂ ಸುತ್ತ ಕಟ್ಟಿಯೇ ಬಿಟ್ಟುಕೊಂಡವು. ನಾನು ಓದಿದ ಮಟ್ಟಿಗೆ ಯಾವ ಧರ್ಮವೂ ಗಿಡವೊಂದನ್ನೇ ಹಿಡಿದು ಒಳ್ಳೆಯದು, ಕೆಟ್ಟದ್ದು ಎಂದು ತೀರ್ಪು ಕೊಟ್ಟು ಸುಮ್ಮನಾಗಿಲ್ಲ. ಯಾರು, ಎಲ್ಲಿ, ಎಷ್ಟು, ಯಾರ ಕಣ್ಣೆದುರು ಎಂದು ಕೇಳಿದೆ. ಹಾಸ್ಟೆಲ್ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಸೇದುವುದಕ್ಕೆ ಈ ನಾಲ್ಕರಲ್ಲಿ ಒಂದಕ್ಕೂ ಉತ್ತರವಿಲ್ಲ.

ಲಿಂಗಾಯತ ಮನೆ ಎಂದಿರಿ. ಹೆಂಡ ಮಾರುತ್ತಿದ್ದ ಮಾರಯ್ಯನನ್ನು ಶರಣರು ಹೊರಗಿಡಲಿಲ್ಲ. ಅವನು ತನ್ನ ಕಸುಬಿನ ಮಾತಿನಲ್ಲೇ ವಚನ ಬರೆದ. ಕುಡಿತವನ್ನು ಬಯ್ಯಬಹುದು, ಮನುಷ್ಯನನ್ನು ಬಾಗಿಲಾಚೆ ನಿಲ್ಲಿಸಬಾರದು ಎಂಬ ಆ ನಡತೆ ನಿಮ್ಮ ಹತ್ತಿರದಲ್ಲೇ ಇನ್ನೊಮ್ಮೆ ಕಾಣಿಸಿತು. ಇಳಕಲ್ಲಿನ ಮಹಾಂತ ಸ್ವಾಮೀಜಿ ಜೋಳಿಗೆ ಹಿಡಿದು ಊರೂರಿಗೆ ಹೋಗುತ್ತಿದ್ದರು. ಮಠದ ಜೋಳಿಗೆಗೆ ಜನ ಜೋಳ, ರೊಕ್ಕ ಹಾಕುವುದು ವಾಡಿಕೆ. ಇವರು ಕೇಳಿದ್ದು ಚಟ. ಬೀಡಿ ಕಟ್ಟು, ಗುಟ್ಕಾ ಪೊಟ್ಟಣ, ಕುಡಿಯುವುದಿಲ್ಲವೆಂಬ ಮಾತು, ಏನಿದೆಯೋ ಅದನ್ನು ಹಾಕಿ ಎನ್ನುತ್ತಿದ್ದರು. ಅವರು 2018ರಲ್ಲಿ ಲಿಂಗೈಕ್ಯರಾದರು. ಹುಟ್ಟಿದ ದಿನ ಆಗಸ್ಟ್ 1 ಈಗ ರಾಜ್ಯದಲ್ಲಿ ವ್ಯಸನಮುಕ್ತ ದಿನ. ಮಗನಿಗೆ ಈ ಕಥೆ ಹೇಳಿ. ಒಪ್ಪದಿದ್ದರೆ ಬಿಡಿ.

ಏಕೆಂದರೆ ನಿಮ್ಮ ಮನೆಯ ಪ್ರಶ್ನೆ ಶಿವನದ್ದಲ್ಲ. ಯಾವಾಗ ಶುರುವಾಯಿತು, ವಾರಕ್ಕೋ ದಿನಕ್ಕೋ, ನಿದ್ದೆ ಹೇಗಿದೆ, ಕ್ಲಾಸಿಗೆ ಹೋಗುತ್ತಾನೋ ಇಲ್ಲವೋ, ದುಡ್ಡು ಎಲ್ಲಿಂದ? ಇವನ್ನು ಸಿಟ್ಟಿಲ್ಲದೆ ಕೇಳಿ. ಹದಿಹರೆಯದಲ್ಲೇ ಶುರುವಾದ ದಿನನಿತ್ಯದ ಗಾಂಜಾ ಮನೋರೋಗದ ಅಪಾಯ ಹೆಚ್ಚಿಸುತ್ತದೆ ಎನ್ನುತ್ತಾರೆ ವೈದ್ಯರು. ಮನೆತನದಲ್ಲಿ ಯಾರಿಗಾದರೂ ಅಂಥ ಕಾಯಿಲೆ ಇದ್ದರೆ ಇನ್ನೂ ಹೆಚ್ಚು. ಯಾರೋ ಮಾತಾಡಿದಂತೆ ಕೇಳುತ್ತದೆ, ಎಲ್ಲರೂ ನನ್ನನ್ನೇ ನೋಡುತ್ತಾರೆ ಎಂದೇನಾದರೂ ಹೇಳಿದರೆ ಸೀದಾ ಮನೋವೈದ್ಯರಲ್ಲಿಗೆ ಹೋಗಿ. ತಾಯತ, ಮಂತ್ರವಾದಿ ಎಂದು ತಿಂಗಳು ಕಳೆಯಬೇಡಿ. ವ್ಯಸನಿಯೇ ಮುಂದೆ ಬಂದು ಚಿಕಿತ್ಸೆ ಪಡೆದರೆ ಮೊಕದ್ದಮೆಯಿಂದ ರಕ್ಷಣೆ ಕೊಡುವ 64ಎ ಕಲಮು ಮಾದಕವಸ್ತು ಕಾಯ್ದೆಯಲ್ಲೇ ಇದೆ. ಸಹಾಯವಾಣಿ 14446. ಮನಸ್ಸಿನ ಆರೋಗ್ಯಕ್ಕೆ ಟೆಲಿ ಮಾನಸ್ 14416, ಅಲ್ಲಿ ಕನ್ನಡದಲ್ಲೇ ಮಾತಾಡಬಹುದು.

ಪ್ರಶ್ನೆ: ನಮ್ಮೂರ ಜಾತ್ರ್ಯಾಗ ಮುತ್ಯಾನ ಕಾಲದಿಂದ ಗದ್ದಿಗಿಗೆ ಭಂಗಿ ಏರಸ್ತೀವ್ರಿ. ಪೂಜಿ ಆದ ಮ್ಯಾಲ ಶರಣರು ಕೂಡಿ ಸೇದಿ ತತ್ವಪದ ಹಾಡ್ತಾರ. ಈಗ ಎಲ್ಲೆಲ್ಲಿಂದಲೋ ಹುಡುಗೂರು ಬೈಕ್ ಹತ್ತಿ ಬರಾಕತ್ಯಾರ, ದೇವರ ಕಡೆ ಮಾರಿ ಸುದ್ದಾ ತಿರುಗಿಸಂಗಿಲ್ಲ. ಪೊಲೀಸರು ಕಮಿಟಿಯವರನ್ನ ಕರಸಿ ತಾಕೀತು ಮಾಡ್ಯಾರ. ನಮ್ಮ ಪದ್ಧತಿಗೆ ಸಂವಿಧಾನದಾಗ ರಕ್ಷಣಿ ಇಲ್ಲೇನ್ರಿ?
— ಜಾತ್ರಾ ಕಮಿಟಿ ಸದಸ್ಯರು, ಯಾದಗಿರಿ ಜಿಲ್ಲೆ

ಉತ್ತರ: ಇಲ್ಲ ಎಂದೇ ಇಟ್ಟುಕೊಳ್ಳಿ. ಕಾರಣ ವಿವರಿಸುತ್ತೇನೆ.

ಸಂವಿಧಾನದ 25ನೇ ವಿಧಿ ಧಾರ್ಮಿಕ ಸ್ವಾತಂತ್ರ್ಯ ಕೊಡುವಾಗಲೇ ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ, ಆರೋಗ್ಯ ಎಂಬ ಮೂರು ಬೇಲಿ ಹಾಕಿದೆ. ಧರ್ಮದ ‘ಅತ್ಯಗತ್ಯ ಆಚರಣೆ’ಗೆ ರಕ್ಷಣೆ ಇದೆ ಎಂಬ ತತ್ವ ಹುಟ್ಟಿದ್ದು ನಮ್ಮ ಉಡುಪಿಯ ಶಿರೂರು ಮಠದ ಮೊಕದ್ದಮೆಯಲ್ಲಿ, 1954ರಲ್ಲಿ. ಭಂಗಿ ಸೇದದಿದ್ದರೆ ನಿಮ್ಮ ಶರಣ ಪಂಥವೇ ಉಳಿಯುವುದಿಲ್ಲ ಎಂದು ಕೋರ್ಟಿನಲ್ಲಿ ಸಾಧಿಸಲು ನಿಮ್ಮಲ್ಲಿ ಯಾರು ತಯಾರಿದ್ದೀರಿ? ನಿಮ್ಮ ಹಿರಿಯ ಶರಣರೇ ಅದನ್ನು ಒಪ್ಪಲಿಕ್ಕಿಲ್ಲ.

1985ರ ಮಾದಕವಸ್ತು ಕಾಯ್ದೆಯಲ್ಲಿ (ಎನ್‌ಡಿಪಿಎಸ್) ಧರ್ಮಕ್ಕೆಂದು ವಿನಾಯಿತಿಯಿಲ್ಲ. ಕಾಯ್ದೆಯ ಪ್ರಕಾರ ಗಾಂಜಾ ಎಂದರೆ ಗಿಡದ ಹೂವಿನ ಅಥವಾ ಕಾಯಿಯ ತೆನೆ, ಚರಸ್ ಎಂದರೆ ಅದರ ಅಂಟು. ತೆನೆಯಿಂದ ಬೇರೆಯಾದ ಬರೀ ಎಲೆ ಈ ವ್ಯಾಖ್ಯೆಯೊಳಗೆ ಬರುವುದಿಲ್ಲ. ಎಲೆಯಿಂದ ಮಾಡಿದ ಭಂಗ್ ಎನ್‌ಡಿಪಿಎಸ್ ವ್ಯಾಪ್ತಿಗೆ ಬರುವುದಿಲ್ಲವೆಂದು ಕರ್ನಾಟಕ ಹೈಕೋರ್ಟ್ 2022ರ ಆಗಸ್ಟ್‌ನಲ್ಲಿ ಒಂದು ಜಾಮೀನು ಆದೇಶದಲ್ಲಿ ಹೇಳಿದ್ದು ಇದೇ ಆಧಾರದ ಮೇಲೆ. ಆದರೆ ಎಲೆಯ ಮೇಲೆ ರಾಜ್ಯಗಳ ಹಿಡಿತ ಬೇರೆಯೇ ಇರುತ್ತದೆ. ನಿಮ್ಮ ಗದ್ದುಗೆಗೆ ಏರುವುದು ಎಲೆಯೋ ತೆನೆಯೋ ಎಂದು ನಿಮಗೇ ಗೊತ್ತು. ತೆನೆಯಾದರೆ ಒಂದು ಕಿಲೋ ಒಳಗಿನ ‘ಸಣ್ಣ ಪ್ರಮಾಣ’ಕ್ಕೂ ಒಂದು ವರ್ಷದವರೆಗೆ ಸಜೆ ಅಥವಾ ಹತ್ತು ಸಾವಿರದವರೆಗೆ ದಂಡ, ಇಲ್ಲವೇ ಎರಡೂ. ಕಮಿಟಿಯವರು ಓದಲೇಬೇಕಾದ್ದು ಈ ಕಾಯ್ದೆಯ 25ನೇ ಕಲಮು. ತನ್ನ ಸುಪರ್ದಿಯಲ್ಲಿರುವ ಜಾಗದಲ್ಲಿ ಅಪರಾಧ ನಡೆಯಲು ಗೊತ್ತಿದ್ದೂ ಬಿಟ್ಟವನಿಗೆ ಆ ಅಪರಾಧದ್ದೇ ಶಿಕ್ಷೆ. ಪೊಲೀಸರು ನಿಮ್ಮನ್ನು ಸುಮ್ಮನೆ ಕರೆಸಿಲ್ಲ.

ಇದು ನಿಮ್ಮೊಬ್ಬರ ಊರಿನ ಮಾತಲ್ಲ. ನಿಮ್ಮ ಜಿಲ್ಲೆಯ ತಿಂಥಣಿ ಮೌನೇಶ್ವರ ಜಾತ್ರೆಯಲ್ಲಿ ಗಾಂಜಾದ ಪುಟ್ಟ ಪೊಟ್ಟಣ ಪ್ರಸಾದವಾಗಿ ಸಿಗುತ್ತದೆಂದು 2020ರಲ್ಲಿ ಪತ್ರಿಕೆಗಳು ಬರೆದಿದ್ದವು. ಆರೂಢ, ಅವಧೂತ ಪರಂಪರೆಗಳಲ್ಲಿ ಇದು ಧ್ಯಾನಕ್ಕೆ ಊರುಗೋಲು ಎಂಬ ನಂಬಿಕೆ ಹಳೆಯದು. ನಾನು ಅದನ್ನು ಸುಳ್ಳು ಭಕ್ತಿ ಎನ್ನಲಾರೆ. ಆದರೆ ಅದೇ ಸೀಮೆಯ ತತ್ವಪದಕಾರರು ಇನ್ನೊಂದನ್ನೂ ಮಾಡಿದರು. ಶಿಶುನಾಳ ಷರೀಫರು ಗುಡಗುಡಿಯನ್ನೇ ದೇಹಕ್ಕೂ ಸಾಧನೆಗೂ ರೂಪಕವಾಗಿಸಿ ಹಾಡಿದರು. ಆ ಹಾಡು ಹೇಳಲು ಕೈಯಲ್ಲಿ ಗುಡಗುಡಿ ಬೇಕಿಲ್ಲ.

ಬೇರೆ ಕಡೆಯ ಅನುಭವ ನೋಡಿ. ಪಂಜಾಬಿನ ನಿಹಂಗ ಸಿಖ್ಖರು ಭಂಗಿಯನ್ನು ‘ಸುಖನಿಧಾನ’ ಎಂದು ಕರೆದು ಗುರುವಿನ ಕಾಲದಿಂದ ಬಂದದ್ದೆನ್ನುತ್ತಾರೆ. ಸಿಖ್ಖರ ನೀತಿಸಂಹಿತೆಯಾದ ರೆಹತ್ ಮರ್ಯಾದೆ ಭಂಗಿ, ಅಫೀಮು, ಮದ್ಯ, ತಂಬಾಕು ಎಲ್ಲವನ್ನೂ ನಿಷೇಧಿಸುತ್ತದೆ. ಒಂದೇ ಧರ್ಮದೊಳಗಿನ ಜಗಳ ಅದು, ಇನ್ನೂ ತೀರಿಲ್ಲ. ಜಮೈಕಾದ ಕಥೆ ನಿಮಗೆ ಹೆಚ್ಚು ಹತ್ತಿರದ್ದು. 1845ರಿಂದ ಅಲ್ಲಿಗೆ ಕಬ್ಬಿನ ತೋಟದ ಕೂಲಿಗೆ ಹೋದ ಭಾರತೀಯರ ಜೊತೆ ಗಾಂಜಾ ಎಂಬ ಹೆಸರೂ ಹೋಯಿತು. ಅಲ್ಲಿನ ರಾಸ್ತಫಾರಿ ಪಂಥದವರಿಗೆ ಅದು ಪವಿತ್ರ ಸೊಪ್ಪಾಯಿತು. ದಶಕಗಳ ಕಾಲ ಜೈಲು ಕಂಡ ಮೇಲೆ, 2015ರಲ್ಲಿ ಆ ದೇಶದ ಸಂಸತ್ತು ಕಾನೂನನ್ನೇ ತಿದ್ದಿ ಅವರ ಪೂಜೆಗೆ ಅವಕಾಶ ಕೊಟ್ಟಿತು. ನಿಮಗೂ ಹಕ್ಕು ಬೇಕೆಂದಿದ್ದರೆ ದಾರಿ ದೆಹಲಿಯ ಕಡೆಗಿದೆ. ಅಲ್ಲಿಯವರೆಗೆ ಹಂಚುವುದನ್ನು ನಿಲ್ಲಿಸಿ. ಬೈಕಿನ ಹುಡುಗರು ಮುಂದಿನ ಜಾತ್ರೆಗೂ ಬರುತ್ತಾರಾ ನೋಡಿ. ಪದ ಕೇಳಲು ಬಂದರೆ ಒಳ್ಳೆಯದೇ ಆಯಿತು.

ಪ್ರಶ್ನೆ: ಕುರ್‌ಆನ್ ನಿಷೇಧಿಸಿದ್ದು ಮದ್ಯವನ್ನು ಮಾತ್ರ, ಗಾಂಜಾದ ಹೆಸರೇ ಅದರಲ್ಲಿಲ್ಲ ಎಂದು ಗೆಳೆಯನೊಬ್ಬ ವಾದಿಸುತ್ತಾನೆ. ದರ್ಗಾದ ಫಕೀರರನ್ನು ತೋರಿಸುತ್ತಾನೆ. ಸಿಗರೇಟಿನ ಬಗ್ಗೆಯೂ ಒಬ್ಬೊಬ್ಬ ಮೌಲಾನಾ ಒಂದೊಂದು ಹೇಳುತ್ತಾರೆ. ಯಾವುದು ಸರಿ?
— ಬಿ.ಕಾಂ. ವಿದ್ಯಾರ್ಥಿ, ವಿಜಯಪುರ

ಉತ್ತರ: ಹೆಸರಿಲ್ಲ ಎಂಬುದು ನಿಜ, ವಾದ ನಿಲ್ಲುವುದಿಲ್ಲ. ಕುರ್‌ಆನ್ ಒಂದೇ ಏಟಿಗೆ ನಿಷೇಧ ಹೇರಲಿಲ್ಲ. ಎರಡನೇ ಸೂರಾದಲ್ಲಿ, ಇದರಲ್ಲಿ ಲಾಭಕ್ಕಿಂತ ಪಾಪ ದೊಡ್ಡದು ಎಂಬ ಮಾತು. ನಾಲ್ಕನೆಯದರಲ್ಲಿ, ಅಮಲಿನಲ್ಲಿ ನಮಾಜಿನ ಹತ್ತಿರ ಬರಬೇಡಿ ಎಂಬ ಕಟ್ಟಳೆ. ಐದನೆಯದರಲ್ಲಿ ಪೂರ್ತಿ ದೂರವಿರಿ ಎಂಬ ಆಜ್ಞೆ. ಅಮಲು ಬರಿಸುವುದೆಲ್ಲ ಅದೇ ಸಾಲಿಗೆ ಸೇರಿತು ಎಂದು ಹದೀಸ್ ಇದನ್ನು ವಿಸ್ತರಿಸಿದೆ. ಗಾಂಜಾ ಗಿಡದಿಂದಲೇ ಮಾಡುವ ಹಶೀಶ್ ಅರಬ್ ನಗರಗಳಲ್ಲಿ ಹಬ್ಬಿದಾಗ ಧರ್ಮಶಾಸ್ತ್ರಜ್ಞರು ಇದೇ ಹಗ್ಗ ಹಿಡಿದರು. 1328ರಲ್ಲಿ ತೀರಿಕೊಂಡ ಡಮಾಸ್ಕಸ್ಸಿನ ಇಬ್ನ್ ತೈಮಿಯಾ ಅತಿ ಕಟುವಾಗಿ ಬರೆದರು. ಅದೇ ಶತಮಾನದಲ್ಲಿ ಈಜಿಪ್ಟಿನ ಜರ್ಕಶಿ ಹಶೀಶಿನ ಮೇಲೆ ಪ್ರತ್ಯೇಕ ಗ್ರಂಥವನ್ನೇ ರಚಿಸಿದರು. ವಿದ್ವಾಂಸರ ನಡುವೆ ಭಿನ್ನಮತ ಇದ್ದದ್ದು ಶಿಕ್ಷೆ ಎಷ್ಟು, ಸೊಪ್ಪು ಮೈಗೆ ತಾಗಿದರೆ ಮೈಲಿಗೆಯೇ ಎಂಬಂಥ ವಿಷಯಗಳಲ್ಲಿ. ಮೋಜಿಗೆ ಸೇದಬಹುದು ಎಂದು ಮುಖ್ಯ ಪಂಥಗಳ ಯಾವ ಮದರಸಾವೂ ಕಲಿಸುವುದಿಲ್ಲ. ಶಸ್ತ್ರಚಿಕಿತ್ಸೆಗೆ ಅರಿವಳಿಕೆ, ನೋವಿಗೆ ವೈದ್ಯರು ಕೊಡುವ ಔಷಧ, ಇವು ಅನಿವಾರ್ಯದ ಲೆಕ್ಕಕ್ಕೆ ಬರುತ್ತವೆ. ಫಕೀರರ ವಿಷಯ ಕೇಳಿದೆ. ಅಲೆಮಾರಿ ಸೂಫಿಗಳಾದ ಖಲಂದರರಲ್ಲಿ ಆ ಚಾಳಿ ಇತ್ತು, ಅದಕ್ಕಾಗಿ ಅವರು ತಮ್ಮವರಿಂದಲೇ ಬೈಸಿಕೊಂಡರು.

ಸಿಗರೇಟಿನ ಜಗಳಕ್ಕೆ ನಿನ್ನ ಊರೇ ಸಾಕ್ಷಿ. ಎರಡನೇ ಇಬ್ರಾಹಿಂ ಆದಿಲ್ ಶಾಹನ ಕಾಲದಲ್ಲಿ ಅಕ್ಬರನ ರಾಯಭಾರಿ ಅಸದ್ ಬೇಗ್ ಬಿಜಾಪುರಕ್ಕೆ ಬಂದ. ಅವನು ಹಿಂದೂಸ್ಥಾನದಲ್ಲಿ ಅದುವರೆಗೆ ಕಂಡಿರದ ತಂಬಾಕನ್ನು ಕಂಡದ್ದು ಇಲ್ಲಿ. ರತ್ನ ಕೂರಿಸಿದ ಕೊಳವೆಯ ಸಮೇತ ಅದನ್ನು ಬಾದಶಹನ ಮುಂದಿಟ್ಟ. ಅಕ್ಬರ್ ಎರಡು ಮೂರು ದಮ್ಮು ಎಳೆದ. ಆಸ್ಥಾನದ ವೈದ್ಯ, ನಮ್ಮ ಹಿರಿಯರ ಗ್ರಂಥಗಳಲ್ಲಿ ಇಲ್ಲದ್ದನ್ನು ತಾವು ಸೇದಬಾರದೆಂದು ತಡೆದ. ಗ್ರಂಥದಲ್ಲಿಲ್ಲ ಎಂಬ ಒಂದೇ ಕಾರಣಕ್ಕೆ ಬಿಡುವುದು ಸರಿಯಲ್ಲ ಎಂದು ಅಸದ್ ಬೇಗ್ ವಾದಿಸಿದ. ಈ ಪ್ರಸಂಗವನ್ನು ಅವನೇ ಬರೆದಿಟ್ಟಿದ್ದಾನೆ. ಮುಂದೆ 1617ರಲ್ಲಿ ಜಹಾಂಗೀರ್ ತಂಬಾಕು ನಿಷೇಧಿಸಿದ, ಜನ ಸೇದುತ್ತಲೇ ಇದ್ದರು. ತಂಬಾಕು ಅಮಲು ಬರಿಸುವುದಿಲ್ಲವಾದ್ದರಿಂದ ಹಳಬರಲ್ಲಿ ಹಲವರು ಅಪ್ರಿಯ ಎಂದಷ್ಟೇ ಹೇಳಿ ಬಿಟ್ಟರು. ಕ್ಯಾನ್ಸರಿನ ಮಾಹಿತಿ ಬಂದ ಮೇಲೆ, ಸ್ವಂತ ದೇಹವನ್ನು ಕೈಯಾರೆ ನಾಶ ಮಾಡಿಕೊಳ್ಳಬಾರದೆಂಬ ನಿಯಮದಡಿ ಹರಾಮ್ ಎನ್ನುವವರು ಹೆಚ್ಚಿದರು. ನಿನ್ನ ಮೌಲಾನಾಗಳು ಬೇರೆ ಬೇರೆ ಕಾಲದ ಪುಸ್ತಕ ಹಿಡಿದಿದ್ದಾರೆ, ಅಷ್ಟೇ.

ಪ್ರಶ್ನೆ: ನನ್ನ ಯಜಮಾನರು ಪ್ರತಿ ವರ್ಷ ಅಯ್ಯಪ್ಪನ ಮಾಲೆ ಹಾಕುತ್ತಾರೆ. 41 ದಿನ ಒಂದು ಹನಿ ಮುಟ್ಟುವುದಿಲ್ಲ, ಮಕ್ಕಳನ್ನು ಗದರುವುದಿಲ್ಲ. ಶಬರಿಮಲೆಯಿಂದ ಬಂದು ಮಾಲೆ ತೆಗೆದ ದಿನವೇ ರಾತ್ರಿ ಕುಡಿದು ಬರುತ್ತಾರೆ. ದೇವರ ಭಯ ಇಷ್ಟಕ್ಕೇ ಮುಗಿಯುತ್ತದೆಯೇ? ಧರ್ಮಸ್ಥಳಕ್ಕೆ ಕರೆದುಕೊಂಡು ಹೋಗಿ ಮಂಜುನಾಥನ ಆಣೆ ಮಾಡಿಸು ಎನ್ನುತ್ತಾರೆ ಅತ್ತೆ.
— ಗೃಹಿಣಿ, ದಾವಣಗೆರೆ

ಉತ್ತರ: 41 ದಿನ ಬಿಟ್ಟವರು ಭಯದಿಂದ ಬಿಟ್ಟರೆಂದು ನೀವು ಭಾವಿಸಿದ್ದೀರಿ. ನನಗೆ ಹಾಗನ್ನಿಸುವುದಿಲ್ಲ. ಮಾಲೆ ಹಾಕಿದವರ ದಿನಚರಿ ನೋಡಿ. ನಸುಕಿಗೆ ತಣ್ಣೀರು ಸ್ನಾನ, ಬರಿಗಾಲು, ಕಪ್ಪು ಬಟ್ಟೆ, ನೆಲದ ಮೇಲೆ ನಿದ್ದೆ. ನಿನ್ನೆಯವರೆಗೆ ‘ಏನೋ’ ಎನ್ನುತ್ತಿದ್ದ ಗ್ಯಾರೇಜಿನವನು ಇಂದು ‘ಸ್ವಾಮಿ’ ಎನ್ನುತ್ತಾನೆ. ಸಂಜೆ ಏಳಕ್ಕೆ, ಅಂದರೆ ಬಾರಿನ ಬಾಗಿಲಲ್ಲಿ ಇರಬೇಕಾದ ಹೊತ್ತಿಗೆ ಸರಿಯಾಗಿ, ಸನ್ನಿಧಾನದಲ್ಲಿ ಭಜನೆ. ಪಕ್ಕದಲ್ಲಿ ಅವರಂತೆಯೇ ಕುಡಿತ ಬಿಟ್ಟು ಕೂತ ಇಪ್ಪತ್ತು ಮಂದಿ, ಮೇಲೆ ಹದ್ದಿನ ಕಣ್ಣಿನ ಗುರುಸ್ವಾಮಿ. ಮಾಲೆ ತೆಗೆದ ದಿನ ಇದೆಲ್ಲ ಒಟ್ಟಿಗೆ ಹೋಗುತ್ತದೆ. ಮತ್ತೆ ಅದೇ ಸಂಜೆ ಏಳು, ಆದರೆ ಕೂರಲು ಜಾಗವಿಲ್ಲ, ಕರೆಯುವವರಿಲ್ಲ. ಬಾರಿನಲ್ಲಿ ಎರಡೂ ಇವೆ.

ಅಮೆರಿಕದ ಅಕ್ರನ್ ಊರಿನಲ್ಲಿ 1935ರಲ್ಲಿ ಬಿಲ್ ವಿಲ್ಸನ್ ಮತ್ತು ಡಾಕ್ಟರ್ ಬಾಬ್ ಸ್ಮಿತ್ ಎಂಬ ಇಬ್ಬರು ಕುಡುಕರು ಸೇರಿ ಕಟ್ಟಿದ ಆಲ್ಕೋಹಾಲಿಕ್ಸ್ ಅನಾನಿಮಸ್ (ಎಎ) ಕೂಡ ನಡೆಯುವುದು ಹೀಗೆಯೇ. ದೇವರೆಂದರೆ ಯಾರು ಎಂದು ಅದು ಹೇಳಿಕೊಡುವುದಿಲ್ಲ. ನಿನಗಿಂತ ದೊಡ್ಡದೊಂದನ್ನು ನಿನಗೆ ತಿಳಿದಂತೆ ಇಟ್ಟುಕೋ, ಸಂಜೆ ಸಭೆಗೆ ಬಾ ಎನ್ನುತ್ತದೆ. ಕುಡಿತದ ದಾಹದ ಒಳಗೆ ಪೂರ್ಣತೆಯ ಹಸಿವೊಂದು ಇರುತ್ತದೆಂದು ಮನೋವಿಜ್ಞಾನಿ ಯೂಂಗ್ 1961ರಲ್ಲಿ ವಿಲ್ಸನ್‌ಗೆ ಬರೆದರು. ಧರ್ಮಸ್ಥಳದವರ ಜನಜಾಗೃತಿ ವೇದಿಕೆ ಊರೂರಲ್ಲಿ ನಡೆಸುವ ಮದ್ಯವರ್ಜನ ಶಿಬಿರಗಳಲ್ಲೂ ನನಗೆ ಮುಖ್ಯವೆನಿಸುವುದು ಶಿಬಿರ ಮುಗಿದ ಮೇಲೆ ಶುರುವಾಗುವ ನವಜೀವನ ಸಮಿತಿ. ಬಿಟ್ಟವರು ಮತ್ತೆ ಮತ್ತೆ ಸೇರುತ್ತಾರೆ.

ಆಣೆ ಬೇಡ. ಆಣೆ ಮುರಿದವನು ಕುಡಿತದ ಜೊತೆಗೆ ದೇವದ್ರೋಹವನ್ನೂ ಹೊರುತ್ತಾನೆ, ಆಮೇಲೆ ಸುಳ್ಳು ಹೇಳಲು ಶುರು ಮಾಡುತ್ತಾನೆ. ಅದರ ಬದಲು ಈ ಸಲ ಮಾಲೆ ತೆಗೆಯುವ ಮೊದಲೇ ಗುರುಸ್ವಾಮಿಯ ಹತ್ತಿರ ನೀವೇ ಮಾತಾಡಿ. ಮಾಲೆ ತೆಗೆದ ದಿನ ಸಂಜೆ ಅವರ ಮನೆಗೇ ಊಟಕ್ಕೆ ಕರೆಯಲಿ. ಮರುದಿನ ಎಎ ಸಭೆಯೋ ನವಜೀವನ ಸಮಿತಿಯೋ, ದಾವಣಗೆರೆಯಲ್ಲಿ ವಿಚಾರಿಸಿಟ್ಟುಕೊಳ್ಳಿ. ಕುಡಿಯುವ ಆಸೆ ತಗ್ಗಿಸುವ ಮಾತ್ರೆಗಳಿವೆ, ಮನೋವೈದ್ಯರು ಕೊಡುತ್ತಾರೆ. ಅದು ಭಕ್ತಿಗೆ ಅವಮಾನವಲ್ಲ.

ಒಂದು ಎಚ್ಚರಿಕೆ, ಮಾಲೆ ಹಾಕುವ ಎಲ್ಲರಿಗೂ: ದಿನಾ ಹೆಚ್ಚು ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಮೊದಲ ಎರಡು ಮೂರು ದಿನಗಳಲ್ಲಿ ಕೈನಡುಕ, ಬೆವರು, ಫಿಟ್ಸ್, ಬಡಬಡಿಕೆ ಬರಬಹುದು. ಬಡಬಡಿಕೆ ಪ್ರಾಣಕ್ಕೇ ಕುತ್ತಾಗಬಲ್ಲದು. ಸ್ವಾಮಿ ಪರೀಕ್ಷಿಸುತ್ತಿದ್ದಾನೆ ಎಂದು ಕೂರದೆ ಆಸ್ಪತ್ರೆಗೆ ಹೋಗಬೇಕು.

ಪ್ರಶ್ನೆ: ಆಫೀಸಿನ ಗೆಳೆಯರು ವಾರಾಂತ್ಯದ ‘ಅಯಹುವಾಸ್ಕಾ’ ಶಿಬಿರಕ್ಕೆ ಕರೆಯುತ್ತಿದ್ದಾರೆ. ಅಮೆಜಾನ್ ಕಾಡಿನ ಕಷಾಯವಂತೆ, ನಿಮ್ಮ ಸೋಮರಸವೂ ಇದೇ ಎನ್ನುತ್ತಾರೆ. ಖಿನ್ನತೆಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ, ಬೇಸತ್ತಿದ್ದೇನೆ. ಹೋದರೆ ನಮ್ಮ ಧರ್ಮಕ್ಕೆ ವಿರುದ್ಧವೇ?
— ಕನ್ನಡಿಗ, ಪೋರ್ಟ್‌ಲ್ಯಾಂಡ್, ಅಮೆರಿಕ

ಉತ್ತರ: ಧರ್ಮ ಆಮೇಲೆ, ಮಾತ್ರೆ ಮೊದಲು. ಆ ಕಷಾಯದ ಬಳ್ಳಿಯಲ್ಲಿರುವ ರಾಸಾಯನಿಕ ಖಿನ್ನತೆಯ ಹಲವು ಮಾತ್ರೆಗಳ ಜೊತೆ ಸೇರಿದರೆ ಮೈಯಲ್ಲಿ ಸೆರೊಟೋನಿನ್ ಮಿತಿಮೀರಿ ಪ್ರಾಣಾಪಾಯವಾಗಬಹುದು. ಶಿಬಿರಕ್ಕೆಂದು ಮಾತ್ರೆಯನ್ನು ತಾನಾಗಿ ನಿಲ್ಲಿಸುವುದೂ ಅಷ್ಟೇ ಅಪಾಯ. ನಿಮ್ಮ ವೈದ್ಯರಿಗೆ ಹೇಳದೆ ಒಂದು ಹೆಜ್ಜೆಯನ್ನೂ ಇಡಬೇಡಿ.

ಇನ್ನು ಧರ್ಮ. ನೀವಿರುವ ಆರೆಗನ್ ರಾಜ್ಯದಲ್ಲೇ ಈ ವಿಷಯದ ದೊಡ್ಡ ಮೊಕದ್ದಮೆ ಹುಟ್ಟಿತು. ವ್ಯಸನಮುಕ್ತಿ ಕೇಂದ್ರದಲ್ಲಿ ಸಲಹೆಗಾರರಾಗಿದ್ದ ಇಬ್ಬರು ನೇಟಿವ್ ಅಮೆರಿಕನ್ ಚರ್ಚಿನ ಪೂಜೆಯಲ್ಲಿ ಪೆಯೋಟಿ ಎಂಬ ಕಳ್ಳಿಯನ್ನು ಸೇವಿಸಿ ಕೆಲಸ ಕಳೆದುಕೊಂಡರು. 1990ರಲ್ಲಿ ಸುಪ್ರೀಂ ಕೋರ್ಟು ಅವರ ವಿರುದ್ಧ ತೀರ್ಪು ಕೊಟ್ಟಿತು. ಎಲ್ಲ ಪಂಥದವರೂ ಸಿಡಿದೆದ್ದ ಮೇಲೆ ಸಂಸತ್ತು 1993ರಲ್ಲಿ ಧಾರ್ಮಿಕ ಸ್ವಾತಂತ್ರ್ಯದ ಹೊಸ ಕಾನೂನು ತಂದಿತು, 1994ರಲ್ಲಿ ಮೂಲನಿವಾಸಿಗಳ ಪೆಯೋಟಿ ಪೂಜೆಗೆ ನೇರ ರಕ್ಷಣೆ ಕೊಟ್ಟಿತು. ಆ ಪೂಜೆ ಹೇಗಿರುತ್ತದೆ ಗೊತ್ತೇ? ಸೂರ್ಯ ಮುಳುಗಿದ ಮೇಲೆ ಟಿಪಿ ಗುಡಾರದೊಳಗೆ ಬೆಂಕಿಯ ಸುತ್ತ ಕೂರುತ್ತಾರೆ. ಮುಂದೆ ಅರ್ಧಚಂದ್ರಾಕಾರದ ಮಣ್ಣಿನ ದಿಬ್ಬ. ನೀರು ತುಂಬಿದ ಡೋಲು, ಗಿಲಕಿ, ಕೋಲು ಒಬ್ಬರಿಂದ ಒಬ್ಬರಿಗೆ ದಾಟುತ್ತ ಬರುತ್ತವೆ. ಕೈಗೆ ಬಂದವರು ಹಾಡಬೇಕು. ರಾತ್ರಿಯಿಡೀ ನಿದ್ದೆಯಿಲ್ಲ. ಬೆಳಿಗ್ಗೆ ಹೆಂಗಸೊಬ್ಬಳು ನೀರು ತರುತ್ತಾಳೆ, ಆಮೇಲೆ ಜೋಳ, ಮಾಂಸ, ಹಣ್ಣು. ಮಗುವಿನ ಕಾಯಿಲೆಗೋ ಸೈನ್ಯಕ್ಕೆ ಹೊರಟ ಮಗನಿಗೋ ಮಾಡಿಸಿದ ಪೂಜೆ ಅದು. ಕುಡಿತ ಬಿಡಬೇಕೆನ್ನುವುದು ಆ ಚರ್ಚಿನ ಬೋಧನೆಯ ತಿರುಳು.

ಅಯಹುವಾಸ್ಕಾಕ್ಕೂ ಅಂಥದೇ ಮನೆಯಿದೆ. ಬ್ರೆಜಿಲಿನ ಆಕ್ರೆಯಲ್ಲಿ ರಬ್ಬರ್ ಕಾರ್ಮಿಕ ಇರಿನೇಯು ಸೆರಾ 1930ರಲ್ಲಿ ಕಟ್ಟಿದ ಸಾಂತೊ ದೈಮೆ ಪಂಥದಲ್ಲಿ ಸಮವಸ್ತ್ರ, ಸ್ತೋತ್ರ, ಗಂಡಸರಿಗೊಂದು ಹೆಂಗಸರಿಗೊಂದು ಸಾಲು ಎಲ್ಲ ಇವೆ. ಅದೇ ಕಷಾಯ ಕುಡಿಯುವ ಇನ್ನೊಂದು ಬ್ರೆಜಿಲ್ ಪಂಥದ ಪರವಾಗಿ 2006ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಒಮ್ಮತದಿಂದ ತೀರ್ಪು ಕೊಟ್ಟಿದೆ.

ಹಿಂದೂಗಳಿಗೆ ಪೋಪ್ ಇಲ್ಲ, ನಿಮ್ಮನ್ನು ತಡೆಯುವ ಫತ್ವಾ ಹೊರಡಿಸುವವರಿಲ್ಲ. ಪತಂಜಲಿ ಔಷಧಿಯನ್ನು ಹೆಸರಿಸಿದವನೇ, ಸಿದ್ಧಿಗಳು ಸಮಾಧಿಗೆ ಅಡ್ಡಿ ಎಂದೂ ಹೇಳಿದ. ನಾನು ಕೇಳುವುದು ಬೇರೆ. ಶಿಬಿರ ನಡೆಸುವವರಿಗೆ ನಿಮ್ಮ ಮನೆಯವರ ಪರಿಚಯ ಇದೆಯೇ? ಶನಿವಾರ ರಾತ್ರಿ ಕಂಡದ್ದು ಸೋಮವಾರವೂ ಬಿಡದೆ ಕಾಡಿದರೆ ಯಾರಿಗೆ ಫೋನ್ ಮಾಡುತ್ತೀರಿ? ಆ ಪೂಜೆಗಳಲ್ಲಿ ಇದಕ್ಕೆ ಉತ್ತರವಿದೆ, ಊರೇ ಅಲ್ಲಿ ಕೂತಿರುತ್ತದೆ. ನಿಮಗೆ ಬಂದಿರುವ ಆಹ್ವಾನದಲ್ಲಿ ಇದೆಯೋ ನೋಡಿ.

ಪ್ರಶ್ನೆ: ಸೋಮರಸ ಅಂದರೆ ನಿಜಕ್ಕೂ ಏನು? ಋಷಿಗಳು ಮತ್ತಿನಲ್ಲಿ ಮಂತ್ರ ಬರೆದರೆಂಬುದು ನಿಜವೇ?
— ನಿವೃತ್ತ ಶಿಕ್ಷಕರು, ಸಾಗರ

ಉತ್ತರ: ಋಗ್ವೇದದ ಒಂಬತ್ತನೇ ಮಂಡಲ ಪೂರ್ತಿ ಸೋಮನಿಗೇ ಮೀಸಲು. ಗಿಡ ಯಾವುದೆಂದು ಇಂದಿಗೂ ತೀರ್ಮಾನವಾಗಿಲ್ಲ. ಗಾರ್ಡನ್ ವಾಸನ್ 1968ರಲ್ಲಿ ಕೆಂಪು ಟೊಪ್ಪಿಯ ಅಣಬೆ ಎಂದರು, ಎಫೆಡ್ರಾ ಎನ್ನುವವರೂ ಇದ್ದಾರೆ. ಹಿಂಡುವುದು, ಉಣ್ಣೆಯಲ್ಲಿ ಸೋಸುವುದು, ಹಾಲು ಬೆರೆಸುವುದು ಎಲ್ಲ ವಿವರವಾಗಿದೆ. ಮದವಿತ್ತು ಎಂದು ಮಂತ್ರಗಳೇ ಹೇಳುತ್ತವೆ. ಅದನ್ನು ಸುರೆಯಿಂದ ಬೇರೆಯಾಗಿಯೂ ನೋಡುತ್ತವೆ. ಗಿಡ ಸಿಗದಿದ್ದಾಗ ಏನು ಮಾಡಬೇಕೆಂದು ಬ್ರಾಹ್ಮಣ ಗ್ರಂಥಗಳು ಬದಲಿ ಗಿಡಗಳನ್ನು ಹೇಳಿವೆ. ಇಂದಿನ ಸೋಮಯಾಗಗಳಲ್ಲಿ ಹಿಂಡುವ ಸೋಮಲತೆಯಲ್ಲಿ ಮತ್ತಿಲ್ಲ. ಮತ್ತು ಹೋಗಿ ಸಾವಿರಾರು ವರ್ಷವಾದರೂ ಯಾಗ ನಿಂತಿಲ್ಲ. ನನಗೆ ಗಿಡದ ಗುರುತಿಗಿಂತ ಇದು ದೊಡ್ಡ ವಿಷಯವೆನಿಸುತ್ತದೆ.

ಪ್ರಶ್ನೆ: ಅಳಿಯನ ಆಫೀಸಿನ ಅಮೆರಿಕನ್ನರು ಮನೆಗೆ ಬಂದಿದ್ದರು. ತೋಟದ ಕಾಫಿ ಕೊಟ್ಟರೆ ‘ನಮ್ಮ ಧರ್ಮದಲ್ಲಿ ನಿಷಿದ್ಧ’ ಎಂದು ಮುಟ್ಟಲಿಲ್ಲ. ಕಾಫಿಯೂ ಮಾದಕವೇ?
— ಬೆಳೆಗಾರರು, ಮೂಡಿಗೆರೆ

ಉತ್ತರ: ಅವರು ಮಾರ್ಮನ್ ಪಂಥದವರಿರಬೇಕು. 1833ರ ಒಂದು ಬೋಧನೆಯ ಆಧಾರದ ಮೇಲೆ ಅವರಿಗೆ ಕಾಫಿ, ಟೀ, ತಂಬಾಕು, ಮದ್ಯ ನಾಲ್ಕೂ ವರ್ಜ್ಯ. ನಿಮ್ಮ ಬೆಳೆ ಇದಕ್ಕಿಂತ ದೊಡ್ಡ ವಿಚಾರಣೆ ಎದುರಿಸಿ ಬಂದಿದೆ. ಯೆಮೆನ್ನಿನ ಸೂಫಿಗಳು ರಾತ್ರಿಯ ಜಪಕ್ಕೆ ನಿದ್ದೆ ಬರದಿರಲೆಂದು ಕಾಫಿ ಕುಡಿಯುತ್ತಿದ್ದರು. 1511ರಲ್ಲಿ ಮೆಕ್ಕಾದ ಅಧಿಕಾರಿ ಖೈರ್ ಬೇಗ್ ವಿದ್ವಾಂಸರನ್ನೂ ವೈದ್ಯರನ್ನೂ ಕೂರಿಸಿ, ಇದು ಅಮಲು ಪದಾರ್ಥವೆಂದು ನಿಷೇಧಿಸಿದ. ಕೈರೋದ ಸುಲ್ತಾನ ಆ ಆದೇಶವನ್ನು ಸಡಿಲಿಸಿದ. ಆ ಯೆಮೆನ್ನಿನಿಂದಲೇ ಏಳು ಬೀಜ ತಂದು ಚಂದ್ರದ್ರೋಣ ಗಿರಿಯಲ್ಲಿ ಬಿತ್ತಿದವರು ಸೂಫಿ ಬಾಬಾ ಬುಡನ್ ಎಂಬ ಕಥೆ ನಿಮಗೆ ನಾನು ಹೇಳಬೇಕಿಲ್ಲ. ಆ ಅತಿಥಿಗಳು ಮತ್ತೆ ಬಂದರೆ ಮಜ್ಜಿಗೆ ಕೊಡಿ.